ದಮ್ಮು ಹತ್ತಿದ ಗರಗಸ

ನಮ್ಮ ಮಾವನಿಗೆ ತಲೆ ಕೆಟ್ಟಿದೆ ಎಂದು ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ತಲೆ ಕೆಟ್ಟವರಿಗೆ ವರ್ಷದಲ್ಲಿ ಒಂದಿಷ್ಟು ದಿನವಾದರೂ ನೆಟ್ಟಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಎಂಬ ಲೆಕ್ಕವಾದರೂ ಇರುತ್ತದೆ. ಮಾವನಿಗೆ ಅಂಥ ಸವಲತ್ತು ಯಾವುದೂ ಇರಲಿಲ್ಲ. ಬೇಕಾದರೆ ನೀವೇ ತೀರ್ಮಾನ ಮಾಡಿ: ಮನೆಯಲ್ಲಿ ಹೆಂಡತಿ ವಾರದಿಂದ ಕೆಮ್ಮುತ್ತಿದ್ದರೂ ಗೊತ್ತಾಗದ ಮನುಷ್ಯ, ಒಂದು ಗರಗಸಕ್ಕೆ ದಮ್ಮು ಹತ್ತಿದೆ ಎಂದು ಊಟ ಬಿಟ್ಟು ಕೂತಿದ್ದರೆ ಅವರಿಗೆ ಏನೆನ್ನಬೇಕು? ನಾನಂತೂ ಮಾವ ಎನ್ನುತ್ತಿದ್ದೆ, ಬೇರೆ ಗತಿ ಇರಲಿಲ್ಲ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಊರು ಟಿಕೋಟಾದ ಹತ್ತಿರದ ಘೋಣಸಗಿ. ಒಂದಿಷ್ಟು ಎರೆಹೊಲ, ಒಂದು ಬಾವಿ, ಜೋಡೆತ್ತು, ಒಂದು ಎಮ್ಮೆ. ಇದ್ದ ಒಬ್ಬ ಮಗಳನ್ನು ಅಥಣಿಯ ಕಡೆ ಕೊಟ್ಟಾಗಿತ್ತು. ಮನೆಯಲ್ಲಿ ಗಂಡಹೆಂಡತಿ ಇಬ್ಬರೇ. ನಾನು ಬಬಲೇಶ್ವರದ ಕಡೆಯ ನಿಡೋಣಿಯವಳು. ಇಸವಿ ಅರವತ್ತರ ಆಚೀಚೆಯ ಮಾತು ಇದು. ಅಲ್ಲಿಯ ಸಾಲಿಯಲ್ಲಿ ನಾನು ಆಗಷ್ಟೇ ಮಕ್ಕಳಿಗೆ ಕಲಿಸುವ ಅಕ್ಕೋರಾಗಿ ಸೇರಿದ್ದೆ. ನಿಡೋಣಿಯ ನಮ್ಮ ಮನೆಯೇ ಅತ್ತೆಯ ತವರುಮನೆ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ: ಮಾವ ಮಾಡಿದ ಪ್ರತಿಯೊಂದು ಉಪದ್ವ್ಯಾಪವೂ ಘೋಣಸಗಿಯಲ್ಲಿ ಮಿಂಚಿ ನಿಡೋಣಿಯಲ್ಲಿ ಗುಡುಗುತ್ತಿತ್ತು.

ಬಾವಿಯ ನೀರೆತ್ತುವುದಕ್ಕೆ ಒಂದು ಇಂಜಿನ್ನು ತರುತ್ತೇನೆಂದು ಮಾವ ಸೊಲ್ಲಾಪುರಕ್ಕೆ ಹೋದರು. ಅಲ್ಲಿ ದಂಡಿನವರ ಹಳೆಯ ಸಾಮಾನುಗಳ ಹರಾಜು ನಡೆದಿತ್ತಂತೆ. ವಾಪಸು ಬಂದಾಗ ಹೆಗಲ ಮೇಲಿನ ಗೋಣಿಚೀಲದಲ್ಲಿ ಇಂಜಿನ್ನೇನೋ ಇತ್ತು. ಆದರೆ ಅದರ ಮುಂದೆ ಒಂದು ಉದ್ದನೆಯ ಪಟ್ಟಿ, ಆ ಪಟ್ಟಿಯ ಸುತ್ತ ಒಂದು ಸರಪಳಿ, ಸರಪಳಿಗೆ ಹಲ್ಲು. ಸೈಕಲ್ಲಿನ ಚೈನಿಗೆ ಸಿಟ್ಟು ಬಂದರೆ ಹೇಗೆ ಕಾಣಬಹುದೋ ಹಾಗಿತ್ತು.

"ಇದು ನೀರು ಎತ್ತತೈತೇನ್ರಿ?" ಎಂದಳು ಅತ್ತೆ.

"ನೀರಲ್ಲ, ಗಿಡಾ ಕಡೀತೈತಿ."

"ನಮ್ಮ ಹೊಲದಾಗ ಗಿಡ ಎಲ್ಲಿ ಅದಾವು?"

ಮಾವ ಹೊಲದ ಕಡೆ ಕೈ ತೋರಿಸಿದರು. "ಬೇವಿನ ಗಿಡ ಒಂದು ಐತೆಲ್ಲ?"

"ಅದರ ನೆಳ್ಳಾಗ ನೀವs ಮಲಗ್ತೀರಿ."

ಅಲ್ಲಿಗೆ ಆ ವಿಷಯ ಮುಗಿಯಿತು. ನಮ್ಮ ಸೀಮೆಯನ್ನು ನೋಡಿದವರಿಗೆ ಗೊತ್ತು: ಕಣ್ಣು ಹಾಯಿಸಿದಷ್ಟು ದೂರ ಜೋಳ, ನಡುವೆ ಅಲ್ಲೊಂದು ಇಲ್ಲೊಂದು ಜಾಲಿ, ಊರಿಗೊಂದು ಹುಣಸೆ, ಎರಡು ಬೇವು. ಇಂಥ ಕಡೆ ಗಿಡ ಕಡಿಯುವ ಯಂತ್ರ ಕೊಳ್ಳುವುದೂ ಟಿಕೋಟಾದ ಸಂತೆಗೆ ಹಡಗು ತರುವುದೂ ಒಂದೇ. ಆದರೆ ಮಾವನಿಗೆ ಅದರ ಚಿಂತೆ ಇರಲಿಲ್ಲ. ಮಿಷನ್ನು ಬಂದಿದೆ, ಗಿಡಗಳು ತಾವಾಗಿಯೇ ಬರುತ್ತವೆ ಎಂಬ ಧೈರ್ಯದಲ್ಲಿ ಅವರು ಅದನ್ನು ಹೆಗಲಿಗೇರಿಸಿ ಊರೂರು ತಿರುಗತೊಡಗಿದರು. ಟಿಕೋಟಾದಿಂದ ಬಬಲೇಶ್ವರದವರೆಗೆ ಒಣಗಿದ ಜಾಲಿಮರ ಎಲ್ಲಿದೆ, ಯಾರ ಬದುವಿನಲ್ಲಿದೆ, ಅದಕ್ಕೆ ಜಗಳ ಇದೆಯೋ ಇಲ್ಲವೋ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮನೆಯ ಎಮ್ಮೆ ಈದು ಎಷ್ಟು ತಿಂಗಳಾಯಿತು ಎಂದು ಕೇಳಿದರೆ ಮಾತ್ರ ಅತ್ತೆಯ ಮುಖ ನೋಡುತ್ತಿದ್ದರು.

ಮೊದಲ ಜಾಲಿಯ ಮರ ಟಿಕೋಟಾದ ಹೊರಗೆ ಸಿಕ್ಕಿತು. ಜನ ನೆರೆದರು. ಮಿಷನ್ನು ಚಾಲೂ ಆಯಿತು; ಮರದೊಳಗೆ ಬೆರಳುದ್ದ ಹೋಯಿತು; ಗೊರ್ ಗೊರ್ ಎಂದು ನಿಂತಿತು. ಮತ್ತೆ ಚಾಲೂ ಮಾಡಿದರು, ಮತ್ತೆ ನಿಂತಿತು. ಕೊನೆಗೆ ಮರದ ಮಾಲೀಕ ಕೊಡಲಿ ತಂದು ಕಡಿದು, ಸಿಕ್ಕಿಕೊಂಡಿದ್ದ ಮಿಷನ್ನನ್ನು ಬಿಡಿಸಿಕೊಟ್ಟ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಲ್ಲಿಯೇ ಬಾವಿಗೆ ಎಸೆದು ಬರುತ್ತಿದ್ದರು. ಮಾವ ಅದನ್ನು ಎದೆಗವಚಿಕೊಂಡು ಮನೆಗೆ ತಂದರು. ಪಡಸಾಲೆಯಲ್ಲಿ ಇಟ್ಟು, ಚಾಲೂ ಮಾಡಿ, ಅದರ ಪಕ್ಕದಲ್ಲಿದ್ದ ಹೊಗೆ ಉಗುಳುವ ಡಬ್ಬಿಯ ಹತ್ತಿರ ಕಿವಿಯಿಟ್ಟು ಕಣ್ಣು ಮುಚ್ಚಿಕೊಂಡರು. ನಾಡಿ ನೋಡುವ ವೈದ್ಯರೂ ಅಷ್ಟು ಗಂಭೀರವಾಗಿ ಕೂಡುವುದನ್ನು ನಾನು ಕಂಡಿಲ್ಲ.

"ದಮ್ಮು!" ಎಂದರು.

"ಯಾರಿಗ್ರಿ?" ಎಂದಳು ಅತ್ತೆ, ಕೆಮ್ಮುತ್ತ.

"ಇದಕ್ಕ. ಒಳಗಿನ ಉಸುರು ಹೊರಗ ಹೋಗವಲ್ದು. ಹಳೇ ಉಸುರು ಹೊರಗ ಹೋಗದ ಹೊಸಾ ಉಸುರು ಒಳಗ ಹೆಂಗ ಬರಬೇಕು? ಪಾಪ, ಮೂಗು ಮುಚ್ಚಿ ಓಡು ಅಂದ್ರ ಯಾರ ಓಡ್ತಾರ?"

ಆ ಡಬ್ಬಿಯ ಹೆಸರು ಸೈಲೆನ್ಸರ್. ಹೆಸರೇ ಹೇಳುವಂತೆ ಅದರ ಕೆಲಸ ಯಂತ್ರದ ಬಾಯಿ ಮುಚ್ಚಿಸುವುದು. ಮಾವ ಅದನ್ನು ಬಿಚ್ಚಿದರು. ಒಳಗೆ ಅಂಗೈಯಗಲದ ಒಂದು ತಗಡು, ತಗಡಿಗೆ ಸಣ್ಣ ಸಣ್ಣ ತೂತು, ಆಚೆ ಒಂದು ತಂತಿಯ ಜಾಳಿಗೆ, ಎಲ್ಲದರ ಮೇಲೂ ದೀಪದ ಕಾಡಿಗೆಯಂಥ ಮಸಿ. ಮಾವ ಮಸಿ ಕೆರೆದರು. ತಗಡು ಕಿತ್ತರು. ಜಾಳಿಗೆ ಕಿತ್ತರು. ಹೊಗೆ ಹೋಗುವ ಬಾಯಿಯನ್ನು ಅರದಿಂದ ತಿಕ್ಕಿ ಅಗಲ ಮಾಡಿದರು. ಸಾಲದೆಂದು ಬಡಿಗೇರ ಮನೆಯಿಂದ ಬೈರಿಗೆ ತಂದು ಪಕ್ಕದಲ್ಲಿ ಇನ್ನೆರಡು ತೂತು ಕೊರೆದರು. ಆಮೇಲೆ ಅಂಗಳಕ್ಕೆ ತಂದು ಹಗ್ಗ ಎಳೆದರು.

ಘೋಣಸಗಿಯ ಜನ ಬಾವಿಯ ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸಿದರೆಂದು ಮನೆಯೊಳಗೆ ಓಡಿದರು. ನಾಯಿಗಳು ಊರು ಬಿಟ್ಟವು. ಎಮ್ಮೆ ಹಗ್ಗ ಕಿತ್ತುಕೊಂಡು ಹೋದದ್ದು ಮರುದಿನ ಟಿಕೋಟಾದ ಸಂತೆಯಲ್ಲಿ ಸಿಕ್ಕಿತು; ಅದನ್ನು ಕೊಳ್ಳಲು ಒಬ್ಬರು ಚೌಕಾಸಿ ಬೇರೆ ನಡೆಸಿದ್ದರಂತೆ, ಯಾರ ಹತ್ತಿರ ನಡೆಸಿದ್ದರೋ ದೇವರೇ ಬಲ್ಲ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಉಸಿರು ಬಿಟ್ಟುಕೊಂಡ ಮಿಷನ್ನು ಬೇರೆಯದೇ ಆಗಿತ್ತು! ಹಿಂದೆ ಮರ್ಯಾದೆ ಕಳೆದಿದ್ದ ಟಿಕೋಟಾದಲ್ಲಿಯೇ ಮಾವ ಅದಕ್ಕಿಂತ ದಪ್ಪ ಜಾಲಿಯನ್ನು, ನೋಡುತ್ತಿದ್ದವರು ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಉಗುಳುವುದರೊಳಗೆ, ಉರುಳಿಸಿದರು. ಗಾಳಿ ಹೆಚ್ಚಾಗಿ ಮಿಷನ್ನು ಕಾಯತೊಡಗಿದಾಗ ಅದಕ್ಕೊಂದು ತಿರುಪು ತಿರುವಿ ಎಣ್ಣೆ ಹೆಚ್ಚು ಬಿಟ್ಟರು. "ಗರಡಿಮನಿಗೆ ಹೋಗಾಂವಗ ರೊಟ್ಟಿ ಹೆಚ್ಚಿಗಿ ಬೇಕಲ್ಲ, ಹಂಗ" ಎಂದು ಎಲ್ಲರಿಗೂ ವಿವರಿಸಿದರು. ಅವರ ಮುಖದ ಮೇಲೆ ಮಸಿ, ಮಸಿಯ ನಡುವೆ ಹಲ್ಲು. ಮಗಳ ಮದುವೆಯ ದಿನ ಕೂಡ ಅವರು ಅಷ್ಟು ನಕ್ಕಿರಲಿಲ್ಲ.

ಒಂದೇ ತೊಂದರೆ. ಜಾಳಿಗೆ ಕಿತ್ತದ್ದರಿಂದ ಕಿಡಿ ಹಾರುತ್ತಿತ್ತು, ಹೊಸ ತೂತುಗಳ ಮುಖ ಸರಿಯಾಗಿ ಮಾವನ ತೊಡೆಯ ಕಡೆಗಿತ್ತು. ಸಂಜೆ ಮನೆಗೆ ಬಂದಾಗ ಧೋತರದಲ್ಲಿ ಒಂದು ದುಂಡನೆಯ ಕಿಟಕಿ.

"ಧೋತರಕ್ಕೂ ದಮ್ಮು ಹತ್ತಿತ್ತೇನ್ರಿ?" ಎಂದಳು ಅತ್ತೆ.

ಅತ್ತೆಯ ನಗೆ ಅಷ್ಟಕ್ಕೇ ಮುಗಿಯಿತು. ಏಕೆಂದರೆ ಮಾವ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಒಮ್ಮೆ, ಸಂಜೆ ದೀಪ ಹಚ್ಚುವಾಗ ಒಮ್ಮೆ ಅಂಗಳದಲ್ಲಿ ಮಿಷನ್ನು ಹಚ್ಚಿ ಅದರ ಉಸಿರಾಟ ಕೇಳುತ್ತ ಕೂಡುವ ಪದ್ಧತಿ ಇಟ್ಟುಕೊಂಡರು. ಅತ್ತೆ ಬಾಗಿಲಲ್ಲಿ ನಿಂತು "ರೊಟ್ಟಿ ಆರಾಕತ್ತಾವ್ರೀ" ಎಂದರೆ ಅವರಿಗೆ ಕೇಳಿಸುವುದಿಲ್ಲ. "ಎಮ್ಮಿ ಹಿಂಡಗೊಡವಲ್ದು" ಎಂದರೆ ಕೇಳಿಸುವುದಿಲ್ಲ. ಓಣಿಯವರು ಬಂದು ಕೈ ಮಾಡಿ ಬೈದರೂ ಮಾವ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಅವರ ಲೆಕ್ಕದಲ್ಲಿ ಎಲ್ಲರೂ ಮಿಷನ್ನನ್ನು ಹೊಗಳುವುದಕ್ಕೇ ಬಂದವರು. ಒಂದು ಸಲ ನಾನು ಹೋದಾಗ ಅತ್ತೆ ಒಲೆಯ ಮುಂದೆ ಕೂತು ನನಗೆ ಏನೋ ಹೇಳಿದಳು. ಕೇಳಿಸಲಿಲ್ಲ. ಮತ್ತೆ ಹೇಳಿದಳು. ಮಿಷನ್ನು ನಿಂತ ಮೇಲೆ, "ಏನಂದಿ ಅತ್ತಿ?" ಎಂದೆ.

"ಏನಿಲ್ಲ ತಂಗಿ. ಈ ಮನ್ಯಾಗ ನಾ ಮಾತಾಡೂದು ನನಗs ಕೇಳ್ಸವಲ್ದು ಅಂದೆ. ಇರೂದು ಇಬ್ಬರು. ಅವರಿಗೆ ಕೇಳ್ಸೂದಿಲ್ಲ, ನನಗ ಕೇಳ್ಸೂದಿಲ್ಲ. ಮತ್ತ ಯಾರಿಗಿ ಮಾತಾಡ್ಲಿ?"

ನಾನು ಅಲ್ಲಿಂದೆದ್ದೆ. ಹೊರಗೆ ಬಂದು ಮಾವನಿಗೆ ಹೇಳಿದೆ: "ಅತ್ತಿಗೆ ತ್ರಾಸ ಆಗಾಕತ್ತೈತ್ರಿ ಮಾವಾರs. ಇದರ ಸಪ್ಪಳಾ ಕಡಿಮಿ ಮಾಡ್ರಿ." ಮಾವ ನಿಜಕ್ಕೂ ಗಾಬರಿಯಾದರು. ತ್ರಾಸು ಎಂಬ ಮಾತು ಆವರೆಗೆ ಅವರ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಆಗ ಮಿಷನ್ನು ನಡೆದಿತ್ತು. ಕೂಡಲೇ ಏನಾದರೂ ಮಾಡುತ್ತೇನೆಂದು ಮಾತು ಕೊಟ್ಟರು. ಮಾಡಿಯೂ ಮಾಡಿದರು!

ಏನು ಮಾಡಿದರೆಂದರೆ, ಸಪ್ಪಳ ತಡೆಯುವುದಕ್ಕೆ ದಪ್ಪ ತಾಮ್ರವೇ ಆಗಬೇಕೆಂದು, ಅತ್ತೆಗೆ ಅವಳ ತಾಯಿ ಮದುವೆಯಲ್ಲಿ ಬಳುವಳಿ ಕೊಟ್ಟಿದ್ದ ತಾಮ್ರದ ಗಿಂಡಿಯ ಕತ್ತು ಕೊಯ್ದು ಮಿಷನ್ನಿನ ಮೂಗಿಗೆ ಬೆಸೆದರು. ಸಪ್ಪಳ ಒಂಚೂರೂ ಕಡಿಮೆಯಾಗಲಿಲ್ಲ. ಗಿಂಡಿಯೊಳಗೆ ಗುಂಯ್‌ಗುಟ್ಟಿ ಇನ್ನಷ್ಟು ಹೆಚ್ಚಾಯಿತು. ಅತ್ತೆ ಆ ಗಿಂಡಿಯನ್ನು ನೋಡಿದಳು. ಎರಡು ಸೀರೆ ಗಂಟು ಕಟ್ಟಿಕೊಂಡು, ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಗಂಡನ ಎದುರಿಗೆ ನಿಂತು, "ನಾ ನಿಡೋಣಿಗಿ ಹೊಕ್ಕೀನಿ. ಇದರ ಬಾಯಿ ಮುಚ್ಚಿದ ದಿನಾ ಬರ್ತೀನಿ" ಎಂದಳು. ಮಾವ ಹೌದು ಹೌದು ಎಂದು ತಲೆಯಾಡಿಸಿದರು. ಮಿಷನ್ನು ನಡೆದಿತ್ತು.

ಅವಳು ಹೋದದ್ದು ಅವರಿಗೆ ಗೊತ್ತಾದದ್ದು ಹಸಿವಾದಾಗ.

ನಿಡೋಣಿಯಲ್ಲಿ ನಮ್ಮಪ್ಪ ಕೆಂಡವಾದ. ತಂಗಿಯ ಗಂಡನೆಂದು ಇಷ್ಟು ದಿನ ಸುಮ್ಮನಿದ್ದೆ, ಇನ್ನು ಹೋಗಿ ಆ ಮಿಷನ್ನನ್ನೂ ಅವನನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಬರುತ್ತೇನೆ ಎಂದು ರುಮಾಲು ಸುತ್ತಿಕೊಂಡ. ಅತ್ತೆಯೇ ಅಡ್ಡ ನಿಂತಳು. "ಅವರಿಗೇನೂ ಅನಬ್ಯಾಡೋ ಅಣ್ಣಾ. ಕುಡಿಯಾಂವಲ್ಲ, ಬಡಿಯಾಂವಲ್ಲ. ನನಗ ಆ ಸಪ್ಪಳಾ ಬ್ಯಾಡ, ಅಷ್ಟs." ಹಾಗೆಂದವಳು ಸಂಜೆಯಾದರೆ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ಯಾರು ಬರಲಿ ಎಂದು ನೋಡುತ್ತೀ ಎಂದು ಕೇಳಿದರೆ, ಗಾಳಿಗೆ ಕೂತಿದ್ದೇನೆ ಎನ್ನುತ್ತಿದ್ದಳು. ನಿಡೋಣಿಯಲ್ಲಿ ಗಾಳಿ ಹಿತ್ತಲ ಕಡೆಯಿಂದ ಬೀಸುತ್ತದೆ.

ಆ ಕಡೆ ಘೋಣಸಗಿಯಲ್ಲಿ ಮಾವ ಯುದ್ಧಕ್ಕೆ ನಿಂತಿದ್ದರು. ಮಿಷನ್ನು ಉಸಿರಾಡಲೂ ಬೇಕು, ಉಸಿರಾಡಿದ್ದು ಹೆಂಡತಿಗೆ ಕೇಳಿಸಲೂ ಬಾರದು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಟಿಕೋಟಾದ ಕುಂಬಾರನಿಂದ ಮಣ್ಣಿನ ಸೈಲೆನ್ಸರ್ ಮಾಡಿಸಿದರು. ಅದು ಚೆನ್ನಾಗಿಯೇ ಮೌನವಾಗಿತ್ತು, ಒಡೆಯುವವರೆಗೆ. ಒಡೆದಾಗ ಅದರ ಒಂದು ಚೂರು ಕುಂಬಾರನ ಮನೆಯ ಮಾಳಿಗೆಯ ಮೇಲೆ ಸಿಕ್ಕಿತು. "ಮಾವಾರs, ನನಗ ಗಡಿಗಿ ಮಾಡಾಕ ಬರತೈತ್ರಿ, ತೋಪಿನ ಗುಂಡು ಮಾಡಾಕ ಬರೂದಿಲ್ಲ" ಎಂದು ಅವನು ಕೈ ಮುಗಿದನಂತೆ.

ಅದೇ ಹೊತ್ತಿಗೆ ನನಗೆ ಸಾಲಿಯ ಕೆಲಸದ ಮೇಲೆ ವಿಜಾಪುರಕ್ಕೆ ಹೋಗುವುದಿತ್ತು. ಮೋಟಾರಿನಿಂದ ಇಳಿಯುತ್ತೇನೆ, ಹೆಗಲ ಮೇಲೆ ಗೋಣಿಚೀಲ ಹೊತ್ತು ಮಾವ ನಿಂತಿದ್ದಾರೆ!

"ಛಲೋ ಆತು ನೀ ಸಿಕ್ಕಿದ್ದು. ಗೋಳಗುಮ್ಮಟಕ್ಕ ಹೊಂಟೇನಿ, ಬಾ."

"ಯಾಕ್ರಿ?"

"ಸಪ್ಪಳದ ವಿಚಾರ ಐತಿ. ಸಪ್ಪಳಾ ಇರೂದು ಅಲ್ಲಿ. ಮತ್ತೆಲ್ಲಿಗಿ ಹೋಗ್ಲಿ?"

ಸರಿ ಎಂದು ಜೊತೆಗೆ ಹೋದೆ. ಬಾಗಿಲಲ್ಲಿ ಕಾವಲುಗಾರ ತಡೆದ.

"ಚೀಲದಾಗ ಏನೈತ್ರಿ?"

"ಏನಿಲ್ಲ, ಗರಗಸ."

"ಗುಮ್ಮಟಾ ಕೊಯ್ಯಾಕ ಬಂದೀರೇನು?"

"ಇಲ್ಲಪಾ. ಮ್ಯಾಲ ಹೋಗಿ ಒಂದೀಟು ಚಾಲೂ ಮಾಡಿ, ಕೇಳಿ, ಬಂದ್ಬಿಡ್ತೀನಿ."

ಒಂದು ಚಪ್ಪಾಳೆ ಏಳು ಸಲ ಕೇಳಿಸುವ ಜಾಗದಲ್ಲಿ ಆ ಮಿಷನ್ನು ಚಾಲೂ ಆಗಿದ್ದರೆ ಆದಿಲಶಾಹಿ ಸುಲ್ತಾನರು ಗೋರಿಯಿಂದ ಎದ್ದು ಮೋಟಾರು ಹಿಡಿದು ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ಕಾವಲುಗಾರ ಪುಣ್ಯಾತ್ಮ, ಚೀಲವನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಮಾವ ಸೈಲೆನ್ಸರಿನ ಡಬ್ಬಿಯೊಂದನ್ನೇ ಬಿಚ್ಚಿಕೊಂಡು ಮೇಲೆ ಹತ್ತಿದರು. ಗುಮ್ಮಟದ ಒಳಸುತ್ತಿನ ಕಟ್ಟೆಯ ಮೇಲೆ ಆಗಲೇ ಪುಣೆಯ ಕಡೆಯವರು ಒಂದು ದೊಡ್ಡ ಗುಂಪಾಗಿ ಬಂದು ಪಿಸುಗುಟ್ಟುತ್ತಿದ್ದರು. ಮಾವ ಡಬ್ಬಿಯನ್ನು ಬಾಯಿಗೆ ಹಿಡಿದು "ಭುರ್ರ್" ಎಂದರು. ಏಳು ಡಬ್ಬಿಗಳು ಉತ್ತರ ಕೊಟ್ಟವು. ಪುಣೆಯವರಲ್ಲಿ ಅರ್ಧ ಜನ ಇಳಿದುಹೋದರು.

ನಾನು ಈ ಮನುಷ್ಯನಿಗೂ ನನಗೂ ಸಂಬಂಧವಿಲ್ಲವೆಂಬಂತೆ ಎದುರಿನ ತುದಿಗೆ ಹೋಗಿ ಗೋಡೆಗೆ ಒರಗಿ ನಿಂತೆ. ಅಲ್ಲಿಯ ಚಮತ್ಕಾರ ನಿಮಗೆ ಗೊತ್ತೇ ಇದೆ: ಈ ತುದಿಯಲ್ಲಿ ಗೋಡೆಗೆ ಪಿಸುಗುಟ್ಟಿದರೆ ಆ ತುದಿಯಲ್ಲಿ ಕಿವಿಯಲ್ಲಿ ಹೇಳಿದಂತೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದ ಗೋಡೆಯಿಂದ ಮಾವನ ದನಿ ಬಂತು.

"ನಿಮ್ಮತ್ತಿ ಆರಾಮ ಅದಾಳೇನು?"

ಮೋಟಾರಿನ ಹತ್ತಿರ ಸಿಕ್ಕವರು, ದಾರಿಯುದ್ದಕ್ಕೂ ಜೊತೆಗೆ ನಡೆದವರು, ಒಂದು ಮಾತು ಕೇಳಿರಲಿಲ್ಲ. ಕೇಳುವುದಕ್ಕೆ ನಡುವೆ ಇಷ್ಟು ದೊಡ್ಡ ಗುಮ್ಮಟ ಬೇಕಾಯಿತು.

"ಆರಾಮ ಅದಾಳ್ರಿ" ಎಂದು ಗೋಡೆಗೆ ಹೇಳಿದೆ.

"ಉಣ್ತಾಳೇನು?"

"ಉಣ್ತಾಳ್ರಿ."

"ಕೆಮ್ಮು?"

ಕೆಮ್ಮು! ಹಾಗಾದರೆ ಗೊತ್ತಿತ್ತು. "ಕಡಿಮಿ ಆಗೈತ್ರಿ" ಎಂದೆ. ಉಳಿದಿದ್ದ ಪುಣೆಯವರು ನಮ್ಮ ಮನೆಯ ಸಮಾಚಾರವನ್ನು ಶ್ರದ್ಧೆಯಿಂದ ಕೇಳುತ್ತಿದ್ದರು. ಅವರಲ್ಲೊಬ್ಬ ಅಜ್ಜಿ ನನ್ನ ಕಡೆ ನೋಡಿ ಸಮಾಧಾನದಿಂದ ತಲೆಯಾಡಿಸಿದಳು.

ಕೆಳಗಿಳಿದ ಮೇಲೆ ಮಾವ ಮತ್ತೆ ಬರೀ ಸೈಲೆನ್ಸರಿನ ಮಾತು. "ಇಲ್ಲಿ ಗ್ವಾಡಿ ನುಣುಪ ಐತಿ, ದುಂಡಗ ಐತಿ, ಅದಕ್ಕ ಸಪ್ಪಳಾ ಜಾರಿ ಜಾರಿ ಓಡ್ಯಾಡತೈತಿ. ನಾ ಇದರ ಉಲ್ಟಾ ಮಾಡಬೇಕು. ಒರಟು ಗ್ವಾಡಿ, ಸೊಟ್ಟ ದಾರಿ. ಸಪ್ಪಳಾ ಒಳಗs ತಿರುಗಿ ತಿರುಗಿ ದಣದು ಸಾಯಬೇಕು."

ಹಾಗೆಯೇ ಮಾಡಿದರು. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ, ಒಂದರ ತೂತಿಗೆ ಇನ್ನೊಂದರ ತೂತು ಎದುರಾಗದಂತೆ, ನಡುವೆ ತಂತಿಯನ್ನು ಸಿಂಬೆಯಂತೆ ಸುತ್ತಿ ತುರುಕಿದರು. ಹೊರಗಿನ ದೊಡ್ಡ ಡಬ್ಬಿ ಎರಡು ತಿರುಪಿನ ಮೇಲೆ ನಿಂತಿತ್ತು. ಮಾವ ನಿಡೋಣಿಗೆ ಬಂದು, ಅಂಗಳದಲ್ಲಿ ನಿಂತು, ಒಳಗಿದ್ದ ಅತ್ತೆಗೆ ಕೇಳಿಸುವಂತೆ ನಮ್ಮಪ್ಪನಿಗೆ ಹೇಳಿದರು: "ಬಾಯಿ ಮುಚ್ಚೇನಿ."

ನಮ್ಮಪ್ಪ ನಂಬಲಿಲ್ಲ. ಸಾಲಿಯ ಪಕ್ಕದಲ್ಲಿ ಒಂದು ಹಳೆಯ ಹುಣಸೆಮರ ಸಾಲಿಯ ಮಾಳಿಗೆಯ ಕಡೆಗೆ ವಾಲಿಕೊಂಡಿತ್ತು; ಅದನ್ನು ಕಡಿಸಬೇಕೆಂದು ಊರವರು ವಿಚಾರ ಮಾಡುತ್ತಿದ್ದರು. "ಎಲ್ಲಾರ ಮುಂದ ಆ ಗಿಡಾ ಕಡಿ. ನನ್ನ ತಂಗಿ ಸಾಲಿ ಕಟ್ಟಿ ಮ್ಯಾಲ ಕುಂದರ್ತಾಳ. ಅಕಿಗಿ ತ್ರಾಸ ಆಗ್ಲಿಲ್ಲಂದ್ರ ಸಂಜೀಕ ಕರಕೊಂಡು ಹೋಗು. ಆತಂದ್ರ, ಮಿಷನ್ ಇಟಗೊಂಡು ನೀ ಒಬ್ಬನs ಹೋಗು" ಎಂದ. ಮಾವ ಒಪ್ಪಿದರು. ಒಳಗೆ ಅತ್ತೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದಳು.

ರವಿವಾರ ಇಡೀ ನಿಡೋಣಿ ಸಾಲಿಯ ಮುಂದೆ ನೆರೆಯಿತು. ಮರದ ಕೊಂಬೆಗೆ ಹಗ್ಗ ಕಟ್ಟಿ, ಬಯಲಿನ ಕಡೆಗೆ ಎಳೆಯಲು ಗಟ್ಟಿ ಆಳುಗಳು ನಿಂತರು. ಅತ್ತೆ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತಳು, ಕಿವಿ ಮುಚ್ಚಿಕೊಳ್ಳಲು ಸೆರಗು ಸಿದ್ಧ ಮಾಡಿಕೊಂಡು. ಮಾವ ಹಗ್ಗ ಎಳೆದರು. ಮಿಷನ್ನು ಹುಕ್ಕಾ ಸೇದುವ ಮುದುಕನಂತೆ ಗುಡುಗುಡು ಅಂದಿತು, ಅಷ್ಟೇ. ಅತ್ತೆ ಸೆರಗು ಕೆಳಗಿಳಿಸಿದಳು. "ತ್ರಾಸ ಆಗೂದಿಲ್ಲ" ಎಂದಳು. ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆದರೆ ಸಪ್ಪಳದ ಜೊತೆಗೆ ಕಸುವೂ ಹೋಗಿತ್ತು. ಮಿಷನ್ನಿಗೆ ಮತ್ತೆ ದಮ್ಮು! ಸರಪಳಿ ಮರವನ್ನು ಕಡಿಯುತ್ತಿತ್ತೋ ನೆಕ್ಕುತ್ತಿತ್ತೋ ಹೇಳುವುದು ಕಷ್ಟ. ಹೊತ್ತು ನೆತ್ತಿಗೇರಿತು. ಬಂದ ಜನಕ್ಕೆ ಬೇಸರವಾಗಿ ಬಾಯಿ ಬಿಚ್ಚಿಕೊಂಡಿತು.

"ಮಾವಾರs, ಸರೀರಿ, ಕೊಡ್ಲಿ ತರ್ತೀವಿ!"

"ಮುಂದಿನ ದೀಪಾವಳಿಗಿ ಬೀಳತೈತೇನ್ರಿ?"

"ಆ ಡಬ್ಬಿ ಬಿಚ್ಚಿ ಒಗೀರಿ! ಟಿಕೋಟಾದಾಗ ಕಡದಂಗ ಕಡೀರಿ!"

ಇದು ಮಾತ್ರ ಮಾವನನ್ನು ತಾಗಿತು. ಎರಡು ತಿರುಪು ತಿರುವಿದರೆ ಸಾಕು, ಎಲೆಅಡಿಕೆ ಉಗುಳುವುದರೊಳಗೆ ಮರ ಉರುಳುತ್ತಿತ್ತು, ಊರೆಲ್ಲ ಹೊಗಳುತ್ತಿತ್ತು. ಅವರು ಮಿಷನ್ನು ನಿಲ್ಲಿಸಿದರು. ಕೈ ತಿರುಪಿನ ಹತ್ತಿರ ಹೋಯಿತು. ತಲೆಯೆತ್ತಿ ಕಟ್ಟೆಯ ಕಡೆ ನೋಡಿದರು. ಅತ್ತೆ ಅವರನ್ನೇ ನೋಡುತ್ತಿದ್ದಳು. ಮಾವ ಆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು, ಹಗ್ಗ ಎಳೆದರು, ಮತ್ತೆ ಗುಡುಗುಡು ಶುರುವಾಯಿತು. ಇಷ್ಟು ದಿನ ಅವರನ್ನು ಆಡಿಕೊಂಡು ನಕ್ಕ ನನಗೆ ಆ ಹೊತ್ತು ನಗು ಬರಲಿಲ್ಲ. ನನಗೆ ಅವರ ಮೇಲೆ ಅಕ್ಕರೆ ಉಕ್ಕಿತು, ಎದ್ದು ಹೋಗಿ ಆ ಜನರ ಬಾಯಿಗೇ ಒಂದೊಂದು ಡಬ್ಬಿ ಹಾಕಬೇಕೆನ್ನಿಸಿತು.

ಆ ಹುಣಸೆಮರ ಒಳಗೆ ಟೊಳ್ಳಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಬಯಲಿನ ಕಡೆ ಬೀಳಬೇಕಾದ ಮರ ಒಮ್ಮೆಲೇ ಚಟಚಟ ಎಂದು ಹೊರಳಿ ಮಾವ ಕೂತಿದ್ದ ಮಗ್ಗುಲಿಗೆ ವಾಲತೊಡಗಿತು. ಹಗ್ಗ ಹಿಡಿದವರು ಮೊದಲು ಕಂಡರು. "ಸರೀರಿ! ಮಾವಾರs, ಸರೀರಿ!" ಎಂದು ಕೂಗಿದರು. ಎಲ್ಲರೂ ಕೂಗಿದರು, ನಾನೂ ಕೂಗಿದೆ. ಬೆಳಿಗ್ಗೆಯಿಂದ ಸರೀರಿ ಸರೀರಿ ಎಂಬುದನ್ನೇ ಕೇಳುತ್ತಿದ್ದ ಮನುಷ್ಯ! ಹೌದು ಹೌದು ಎಂದು ತಲೆಯಾಡಿಸಿ, ಇನ್ನಷ್ಟು ಬಾಗಿ, ಮಿಷನ್ನನ್ನು ಒತ್ತಿ ಹಿಡಿದರು.

ಆಗ ನನ್ನ ಪಕ್ಕದಿಂದ ಒಂದು ಕೂಗು ಎದ್ದಿತು. ಅತ್ತೆ ಎದ್ದು ನಿಂತಿದ್ದಳು. ಅವಳು ಸರೀರಿ ಎನ್ನಲಿಲ್ಲ, ರೀ ಎನ್ನಲಿಲ್ಲ. ಮಾವನ ಹೆಸರು ಹಿಡಿದು ಕರೆದಳು!

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮದುವೆಯಲ್ಲಿ ಎಲ್ಲರೂ ಗಂಟುಬಿದ್ದರೆ ಒಡಪು ಎಂಬ ಪದ್ಯದೊಳಗೆ ಮುಚ್ಚಿಟ್ಟು ಒಮ್ಮೆ ಹೇಳುತ್ತಾರೆ; ಆಮೇಲೆ ಸಾಯುವವರೆಗೆ ಆ ಹೆಸರು ಬಾಯಿಗೆ ಬರಕೂಡದು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಹೆಂಗಸು, ಅದೇ ಹೆಸರಿನ ಬೇರೆಯವರನ್ನು "ನಮ್ಮವರ ಹೆಸರಿನವ" ಎನ್ನುತ್ತಿದ್ದ ಹೆಂಗಸು, ಇಡೀ ನಿಡೋಣಿಯ ಎದುರಿಗೆ, ಮೇಯಲು ಹೋದ ಕರುವನ್ನು ಕರೆದಂತೆ, ಗಂಟಲು ಹರಿಯುವ ಹಾಗೆ ಕರೆದಳು.

ಮಾವನ ತಲೆ ಗಕ್ಕನೆ ತಿರುಗಿತು. ಅವರು ಮರವನ್ನು ನೋಡಲೇ ಇಲ್ಲ. ಮಿಷನ್ನು ಕೈಯಿಂದ ಯಾವಾಗ ಜಾರಿತೋ ಅವರಿಗೂ ಗೊತ್ತಿಲ್ಲ. ಎದ್ದವರೇ, ಕಣ್ಣು ಅಗಲಿಸಿಕೊಂಡು, ಅತ್ತೆಯ ಕಡೆಗೆ ಬಿರಬಿರನೆ ನಡೆದುಬಂದರು. ಅವರ ಬೆನ್ನ ಹಿಂದೆ ಹುಣಸೆಮರ ನೆಲಕ್ಕೆ ಬಂತು. ಧೂಳು ಎದ್ದಿತು. ಬಾಯಿ ಬಿಚ್ಚಿದ ಹಳೆಯ ಡಬ್ಬಿಯೇ ಇದ್ದಿದ್ದರೆ ಆ ಕೂಗು ಅವರನ್ನು ಮುಟ್ಟುತ್ತಿರಲಿಲ್ಲ.

"ಮಿಷನ್ ಹೋತ್ರಿ ಮಾವಾರs! ಪೂರಾ ಅಪ್ಪಚ್ಚಿ ಆಗೈತ್ರಿ!" ಎಂದು ಯಾರೋ ಮರದ ಬುಡದಿಂದ ಕೂಗಿದರು. ಮಾವ ತಿರುಗಿಯೂ ನೋಡಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಗಂಡ ಉಳಿದನೆಂದು ಅಳುತ್ತಿದ್ದಳೋ, ಹೆಸರು ಹೇಳಿಬಿಟ್ಟೆನೆಂದು ಅಳುತ್ತಿದ್ದಳೋ!

"ತಪ್ಪಾತ್ರಿ" ಎಂದಳು. "ಬಾಯಾಗ ಬಂದ್ಬಿಡ್ತು."

ಮಾವ ಅವಳ ಎದುರಿಗೆ ನಿಂತು, ಮಸಿ ಮೆತ್ತಿದ ಮುಖ ಮುಂದೆ ಮಾಡಿ, "ಇನ್ನೊಮ್ಮೆ ಕರಿ" ಎಂದರು.

"ಸುಮ್ನಿರ್ರಿ, ಮಂದಿ ನೋಡಾಕತ್ತೈತಿ."

"ನೋಡ್ಲಿ. ನೀ ಕರಿ." ಅವರು ಇನ್ನಷ್ಟು ಬಾಗಿದರು. "ನಮ್ಮವ್ವ ಹ್ವಾದ ಮ್ಯಾಲ ಹಿಂಗ ಹೆಸರು ಹಿಡದು ಯಾರೂ ಕರದಿಲ್ಲ ನನ್ನ. ಎಲ್ಲಾರೂ ಮಾವಾ ಅಂತಾರ, ಕಾಕಾ ಅಂತಾರ. ನನ್ನ ಹೆಸರು ನನಗs ಮರತಂಗ ಆಗಿತ್ತು."

ಅತ್ತೆ ಸುತ್ತಮುತ್ತ ನೋಡಿದಳು. ಜನರೆಲ್ಲ ಬಿದ್ದ ಮರದ ಕಡೆ ಓಡಿದ್ದರು. ಅವಳು ಕಣ್ಣೊರೆಸಿಕೊಂಡು, ಸೆರಗನ್ನು ಅಡ್ಡ ಹಿಡಿದು, ಅವರ ಕಿವಿಯ ಹತ್ತಿರ ಹೋಗಿ, ನನಗೂ ಕೇಳಿಸದಷ್ಟು ಮೆಲ್ಲಗೆ ಇನ್ನೊಮ್ಮೆ ಕರೆದಳು.

"ಓ" ಎಂದರು ಮಾವ.